ಆರು ವರ್ಷ ಡ್ರಿಪ್ ಪೈಪ್ ಎಳೆದವನಿಗೆ ಸರ್ಟಿಫಿಕೇಟ್ ಬೇಕಾ?

ಪ್ರಶ್ನೆ: ಸಾರ್, ನಾನು ಪಾಂಡವಪುರ ತಾಲ್ಲೂಕಿನವನು. ವಯಸ್ಸು 29. ಎಸ್ಸೆಸ್ಸೆಲ್ಸಿ ಪಾಸು, ಪಿಯುಸಿ ಅರ್ಧಕ್ಕೆ ಬಿಟ್ಟೆ. ಆರು ವರ್ಷದಿಂದ ಒಬ್ಬ ಡ್ರಿಪ್ ಡೀಲರ್ ಹತ್ತಿರ ಕೆಲಸ ಮಾಡುತ್ತಿದ್ದೇನೆ. ಹೊಲಕ್ಕೆ ನೀರು ಹಂಚುವ ಸಬ್ ಮೇನ್ ಪೈಪ್ ಜೋಡಿಸುವುದು, ಸಾಲಿನುದ್ದಕ್ಕೂ ಹೋಗುವ ಸಣ್ಣ ಪೈಪ್ ಅಂದರೆ ಲ್ಯಾಟರಲ್ ಎಳೆಯುವುದು, ಫಿಲ್ಟರ್ ಕೂರಿಸುವುದು ಎಲ್ಲ ಬರುತ್ತದೆ. ಈಗ ಅವರು 'ಸರ್ಟಿಫಿಕೇಟ್ ತಗೊಂಡು ಬಾ, ಸಂಬಳ ಜಾಸ್ತಿ ಮಾಡ್ತೀನಿ' ಅನ್ನುತ್ತಿದ್ದಾರೆ. ಮೈಸೂರಿನ ಒಂದು ಸಂಸ್ಥೆಯವರು ಮೂರು ತಿಂಗಳ ಕೋರ್ಸಿಗೆ 28,000 ರೂಪಾಯಿ ಕೇಳಿದರು. ಮುಗಿದ ಮೇಲೆ ನೀರಾವರಿ ಇಲಾಖೆಯಲ್ಲಿ ಕೆಲಸ ಗ್ಯಾರಂಟಿ ಅಂತಾರೆ. ಅಮೆರಿಕದ ಇರಿಗೇಶನ್ ಟೆಕ್ನಿಷಿಯನ್ ಪರೀಕ್ಷೆ ಒಂದಿದೆಯಂತೆ, ಅದು ಮಾಡಿದರೆ ದುಬೈಗೆ ಹೋಗಬಹುದು ಅಂತ ಸ್ನೇಹಿತ ಹೇಳುತ್ತಾನೆ. ಅವ್ವ ಮಾತ್ರ 'ನಾಲೆ ನೀರು ಹರಿಯೋ ಊರಲ್ಲಿ ಡ್ರಿಪ್ ಕಲಿತು ಏನ್ ಮಾಡ್ತೀಯ, ಇರೋ ಎರಡು ಎಕರೆ ಕಬ್ಬು ನೋಡ್ಕೋ' ಅಂತಾಳೆ. ಯಾವ ಸರ್ಟಿಫಿಕೇಟ್ ನಿಜ? ದುಡ್ಡು ಕಟ್ಟಲಾ, ಬೇಡವಾ?

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಆ 28,000 ರೂಪಾಯಿ ಕಟ್ಟಬೇಡಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೆಲಸ ಬರುವುದಿಲ್ಲ ಅನ್ನುವ ಭಯ ನಿಮಗಿಲ್ಲ. ಆರು ವರ್ಷ ಬಿಸಿಲಲ್ಲಿ ಮಾಡಿದ್ದಕ್ಕೆ ಒಂದು ಚೂರು ಕಾಗದದ ಸಾಕ್ಷಿಯೂ ಇಲ್ಲವಲ್ಲ ಅನ್ನುವ ಸಂಕಟ ಇದೆ. ನಾಳೆ ನಿಮ್ಮ ಡೀಲರ್ ಅಂಗಡಿ ಮುಚ್ಚಿದರೆ ಮುಂದಿನ ಅಂಗಡಿಯಲ್ಲಿ ನೀವು ಮತ್ತೆ ಹೊಸ ಹುಡುಗನೇ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಇದೇ ಕೆಲಸದಲ್ಲಿ ಇದ್ದೇನೆ, ನಿಮ್ಮಂಥ ಹುಡುಗರನ್ನು ಬಹಳ ನೋಡಿದ್ದೇನೆ. ಈ ಸಂಕಟ ಇರುವ ಕಡೆಯೇ ಗ್ಯಾರಂಟಿ ಕೊಡುವವರು ಅಂಗಡಿ ಇಟ್ಟುಕೊಂಡು ಕೂತಿರುತ್ತಾರೆ.

'ನೀರಾವರಿ ಇಲಾಖೆ' ಅನ್ನುವ ಮಾತಿನಲ್ಲೇ ಒಂದು ಚಮತ್ಕಾರ ಇದೆ. ನಮ್ಮ ಕಡೆ ಕಾವೇರಿ ನೀರಾವರಿ ನಿಗಮ ನೋಡಿಕೊಳ್ಳುವುದು ಅಣೆಕಟ್ಟೆ, ನಾಲೆ, ತೂಬು. ರೈತನ ಹೊಲದ ಡ್ರಿಪ್ಪಿಗೂ ಅವರಿಗೂ ದೂರದ ನಂಟು. ಕಬ್ಬಿಗೆ ಡ್ರಿಪ್ ಹಾಕಿಸಬೇಕಾದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು. ತೆಂಗು, ಬಾಳೆ, ಟೊಮೆಟೊ ಆದರೆ ತೋಟಗಾರಿಕೆ ಇಲಾಖೆ. ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ. ಇವರು ಸಹಾಯಧನ ಕೊಡುತ್ತಾರೆ, ಪೈಪ್ ಜೋಡಿಸಲು ಆಳು ಇಟ್ಟುಕೊಳ್ಳುವುದಿಲ್ಲ. ಜೋಡಿಸುವುದು ನೋಂದಾಯಿತ ಕಂಪನಿಗಳು, ಅವರ ಡೀಲರುಗಳ ಮೂಲಕ. ಇನ್ನು ಯಾವುದೇ ಇಲಾಖೆಯ ಹುದ್ದೆ ತುಂಬುವುದಕ್ಕೆ ಅಧಿಸೂಚನೆ ಬರಬೇಕು, ಅರ್ಜಿ ಕರೆಯಬೇಕು, ಮೀಸಲಾತಿ ನೋಡಬೇಕು. ಖಾಸಗಿ ಸಂಸ್ಥೆಯವರು ಅದಕ್ಕೆ ಗ್ಯಾರಂಟಿ ಕೊಡಲು ಆಗುವುದೇ ಇಲ್ಲ. ಲಿಖಿತವಾಗಿ ಕೊಡಿ ಅಂತ ಕೇಳಿ ನೋಡಿ, ಮಾತು ಬದಲಾಗುತ್ತದೆ.

ಹಾಗಾದರೆ ನಿಜವಾದ ಸರ್ಟಿಫಿಕೇಟ್ ಯಾವುದು? ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಅಂತಲೇ ಒಂದು ಅರ್ಹತೆ ಇದೆ. ಅದರ ಹೆಸರು 'ಮೈಕ್ರೋ ಇರಿಗೇಶನ್ ಟೆಕ್ನಿಷಿಯನ್', ಸಂಕೇತ ಎಜಿಆರ್/ಕ್ಯೂ1002. ಅದನ್ನು ರೂಪಿಸಿದ್ದು ಅಗ್ರಿಕಲ್ಚರ್ ಸ್ಕಿಲ್ ಕೌನ್ಸಿಲ್ ಆಫ್ ಇಂಡಿಯಾ. ಬರವಣಿಗೆಯ ಪರೀಕ್ಷೆ ಒಂದು, ಕೈಯಲ್ಲಿ ಮಾಡಿ ತೋರಿಸುವುದು ಒಂದು. ಪರೀಕ್ಷೆ ಮಾಡುವವರು ಕಲಿಸಿದವರಲ್ಲ, ಹೊರಗಿನಿಂದ ಬರುವ ಮೌಲ್ಯಮಾಪಕರು. ಇದು ಮುಖ್ಯ. ಕಲಿಸಿದವರೇ ಪರೀಕ್ಷೆ ಮಾಡಿ, ಕಲಿಸಿದವರೇ ಸೀಲ್ ಹೊಡೆದು ಕೊಟ್ಟ ಕಾಗದ ಫ್ರೇಮ್ ಹಾಕಿಸಲು ಮಾತ್ರ ಲಾಯಕ್ಕು.

ನಿಮಗೆ ಮೂರು ತಿಂಗಳ ಕೋರ್ಸ್ ಬೇಕಾಗಿಯೇ ಇಲ್ಲ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಆರ್‌ಪಿಎಲ್ (ಮೊದಲೇ ಕಲಿತದ್ದಕ್ಕೆ ಮಾನ್ಯತೆ) ಅನ್ನುವ ದಾರಿ ಇದೆ. ಈಗಾಗಲೇ ಕೆಲಸ ಬಲ್ಲವರನ್ನು ಮತ್ತೆ ಅಆಇಈಯಿಂದ ಕಲಿಸದೆ, ಸ್ವಲ್ಪ ಹೊತ್ತಿನ ತಿಳಿವಳಿಕೆ ಕೊಟ್ಟು, ನೇರವಾಗಿ ಪರೀಕ್ಷೆಗೆ ಕೂರಿಸುವ ಏರ್ಪಾಡು ಅದು. ಸರ್ಕಾರದ ದುಡ್ಡಿನಲ್ಲಿ ನಡೆಯುವ ಬ್ಯಾಚಾದರೆ ಅಭ್ಯರ್ಥಿ ಶುಲ್ಕ ಕಟ್ಟುವುದಿಲ್ಲ. ಕಟ್ಟಿ ಅಂದರೆ ಅಲ್ಲೇ ಅನುಮಾನ ಪಡಿ.

ತೊಂದರೆ ಏನೆಂದರೆ, ಇದೇ ಕೆಲಸಕ್ಕೆ ಅಂತ ನಮ್ಮ ಜಿಲ್ಲೆಯಲ್ಲಿ ಎಲ್ಲ ಕಾಲದಲ್ಲೂ ಬ್ಯಾಚ್ ಇರುವುದಿಲ್ಲ. ಕಾಯಬೇಕಾಗಬಹುದು. ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ಹೆಸರು ಕೊಟ್ಟಿಡಿ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಮೈಸೂರು ಕಡೆಯವರಿಗೆ ಸುತ್ತೂರಿನಲ್ಲಿದೆ. ಅಲ್ಲಿ ಒಮ್ಮೆ ಹೋಗಿ ಮುಂದಿನ ತರಬೇತಿ ಯಾವಾಗ ಅಂತ ವಿಚಾರಿಸಿ. ನಿಮ್ಮ ಡೀಲರ್ ಸಾಮಾನು ತರುವ ಕಂಪನಿಯವರೂ ತಮ್ಮ ಹುಡುಗರಿಗೆ ತರಬೇತಿ ಕೊಡುತ್ತಾರೆ, ಅದಕ್ಕೆ ಡೀಲರ್ ಕಡೆಯಿಂದಲೇ ಹೆಸರು ಹೋಗಬೇಕು. 'ಸರ್ಟಿಫಿಕೇಟ್ ತಾ' ಅಂದವರು ಅವರೇ ಅಲ್ವಾ, ಅಷ್ಟು ಕೇಳುವ ಹಕ್ಕು ನಿಮಗಿದೆ.

ಅಮೆರಿಕದ ಪರೀಕ್ಷೆ ಸುಳ್ಳಲ್ಲ. ಅಲ್ಲಿನ ಇರಿಗೇಶನ್ ಅಸೋಸಿಯೇಶನ್ ಅದನ್ನು ನಡೆಸುತ್ತದೆ. ಆದರೆ ಅದರ ಮೈಯೆಲ್ಲ ಹುಲ್ಲುಹಾಸು, ಉದ್ಯಾನ, ನೆಲದೊಳಗಿಂದ ಮೇಲೆದ್ದು ತಿರುಗುವ ಸ್ಪ್ರಿಂಕ್ಲರು. ಪರೀಕ್ಷೆ ಬೇರೆ ಇಂಗ್ಲಿಷಿನಲ್ಲಿ. ಮೈಸೂರು ಸುತ್ತಲಿನ ರೆಸಾರ್ಟು, ದೊಡ್ಡ ಬಡಾವಣೆಗಳ ಪಾರ್ಕು, ಆಟದ ಮೈದಾನಗಳ ಕೆಲಸಕ್ಕೆ ಆ ವಿಷಯ ಓದಿಕೊಂಡರೆ ಉಪಯೋಗ ಇದೆ. ಪಾಂಡವಪುರದ ಕಬ್ಬಿನ ಗದ್ದೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ದುಬೈ ವಿಷಯಕ್ಕೆ ಇಷ್ಟೇ ಹೇಳುತ್ತೇನೆ: ಅಲ್ಲಿಗೆ ಕಳಿಸುವ ಏಜೆಂಟ್ ಸರ್ಕಾರದಲ್ಲಿ ನೋಂದಣಿ ಆಗಿದ್ದಾನಾ ಅಂತ ನೋಡದೆ ಪಾಸ್‌ಪೋರ್ಟ್ ಕೈಗೆ ಕೊಡಬೇಡಿ.

ಈಗ ನಿಮ್ಮ ಅವ್ವನ ಪ್ರಶ್ನೆಗೆ ಬರುತ್ತೇನೆ. ಇಡೀ ಪತ್ರದಲ್ಲಿ ಗಟ್ಟಿ ಪ್ರಶ್ನೆ ಅದೇ.

ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಹುಟ್ಟಿದ ಮೂರ್ನಾಲ್ಕು ತಲೆಮಾರಿಗೆ ನೀರು ಕಟ್ಟೋದು ಅಂದರೆ ಗುದ್ದಲಿ ಹಿಡಿದು ಬದು ಒಡೆದು ಬಿಡುವುದು. ಆ ಜನಕ್ಕೆ ಡ್ರಿಪ್ಪು ಬಯಲುಸೀಮೆಯವರ ಸಾಮಾನು. ಆದರೆ ನಾಲೆಗೆ ನೀರು ಬರುವುದು ವರ್ಷವಿಡೀ ಅಲ್ಲ, ಕಟ್ಟು ಪದ್ಧತಿಯಲ್ಲಿ. ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದ ವರ್ಷ ಯಾರಿಗೂ ಚಿಂತೆ ಇಲ್ಲ. 2023ರಂಥ ಬರದ ವರ್ಷ ಬಂದರೆ ನಿಂತ ಕಬ್ಬನ್ನು ಉಳಿಸಿಕೊಳ್ಳುವುದಕ್ಕೆ ಬೋರ್‌ವೆಲ್ಲೇ ಗತಿ. ಆಗ ಇರುವ ನೀರನ್ನು ಹಂಚುವುದಕ್ಕೆ ಡ್ರಿಪ್ ಬೇಕು. ಇನ್ನೊಂದು ಕಡೆ, ನೀರು ಜಾಸ್ತಿ ಆಗಿಯೇ ಕೆಟ್ಟ ಜಮೀನುಗಳೂ ನಮ್ಮ ಅಚ್ಚುಕಟ್ಟಿನಲ್ಲಿವೆ. ಜೌಗು ಹಿಡಿದು, ಚೌಳು ಎದ್ದು, ಕಾಲಿಟ್ಟರೆ ಹೂಳುವ ಗದ್ದೆಗಳು. ಆ ಗದ್ದೆಗೆ ಬಸಿಗಾಲುವೆ ತೆಗೆಯಬೇಕು, ಮೇಲಿನಿಂದ ಕೊಡುವ ನೀರನ್ನು ಅಳತೆ ಮಾಡಿ ಕೊಡಬೇಕು.

ನಾಗಮಂಗಲದ ತೆಂಗಿನ ತೋಟಗಳಂತೂ ಬೋರ್‌ವೆಲ್ ನಂಬಿ ನಿಂತಿವೆ. ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ ಸರ್ಕಾರವೇ ದೊಡ್ಡ ಮಟ್ಟದ ಹನಿ ನೀರಾವರಿ ಯೋಜನೆ ಕೈಗೆತ್ತಿಕೊಂಡಿದೆ. ರಾಜ್ಯದಲ್ಲಿ ಹನಿ ನೀರಾವರಿಗೆ ಶೇ 90ರವರೆಗೂ ಸಹಾಯಧನ ಕೊಟ್ಟಿದ್ದಾರೆ. ಹಾಗಾಗಿ ಡ್ರಿಪ್ ಹಾಕಿಸಿಕೊಂಡವರು ಕಡಿಮೆ ಏನಿಲ್ಲ. ಹಾಕಿಸಿಕೊಂಡು ಎರಡನೇ ವರ್ಷಕ್ಕೆ ಸುತ್ತಿ ಮರದಡಿ ಎಸೆದವರೂ ಕಡಿಮೆ ಏನಿಲ್ಲ. ನಿಮ್ಮ ಅನ್ನ ಇರುವುದು ಆ ಮರದಡಿಯ ಸುರುಳಿಯಲ್ಲಿ.

ಯಾಕೆ ಎಸೆಯುತ್ತಾರೆ? ಕೇಳಿದರೆ 'ಕಟ್ಕೊಂಡಿದೆ ಸಾರ್, ಕಂಪನಿ ಸರಿ ಇಲ್ಲ' ಅನ್ನುತ್ತಾರೆ. ನಾನು ಹೋಗಿ ನೋಡಿದ ಕಡೆಗಳಲ್ಲಿ ಕಂಪನಿಯ ತಪ್ಪು ಕಡಿಮೆ. ಬೋರ್ ನೀರಿನಲ್ಲಿ ಸುಣ್ಣದ ಅಂಶ ಇದ್ದರೆ ಡ್ರಿಪ್ಪರ್ ಬಾಯಿಗೆ ಬಿಳಿ ಗಾರೆ ಕಟ್ಟುತ್ತದೆ. ನಾಲೆ ನೀರು, ಕೃಷಿ ಹೊಂಡದ ನೀರಾದರೆ ಪಾಚಿ ಮತ್ತು ಗೋಡು. ಬೋರಿನಲ್ಲಿ ಮರಳು ಬಂದರೆ ಅದನ್ನು ಬೇರ್ಪಡಿಸುವ ಹೈಡ್ರೋಸೈಕ್ಲೋನ್ ಬೇಕು, ಪಾಚಿ ನೀರಿಗೆ ಸ್ಯಾಂಡ್ ಫಿಲ್ಟರ್ ಬೇಕು. ಎಲ್ಲ ಕಡೆಗೂ ಒಂದೇ ಸ್ಕ್ರೀನ್ ಫಿಲ್ಟರ್ ಹಾಕಿ ಬಂದರೆ ಕಟ್ಟಿಕೊಳ್ಳದೆ ಇನ್ನೇನಾಗುತ್ತದೆ? ಹಾಕಿದ ಫಿಲ್ಟರನ್ನು ತೊಳೆಯಬೇಕು ಅಂತ ಮನೆಯವರಿಗೆ ಯಾರೂ ತೋರಿಸಿಕೊಟ್ಟಿರುವುದಿಲ್ಲ. ಫಿಲ್ಟರಿನ ಆಚೆ ಈಚೆ ಎರಡು ಪ್ರೆಶರ್ ಗೇಜ್ ಇದ್ದು, ನಡುವಿನ ಒತ್ತಡದ ವ್ಯತ್ಯಾಸ (ಚದರ ಸೆಂಟಿಮೀಟರಿಗೆ) ಅರ್ಧ ಕೆ.ಜಿ. ಹತ್ತಿರ ಬಂತು ಅಂದರೆ ತೊಳೆಯುವ ಹೊತ್ತಾಯಿತು. ಎಷ್ಟು ತೋಟದಲ್ಲಿ ಗೇಜ್ ಇದೆ ಹೇಳಿ? ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಟ್ಟು ಲ್ಯಾಟರಲ್ ಕರಗಿಸಿಕೊಂಡವರ ಕಥೆ ಬೇರೆ. ಇಲಿ, ಅಳಿಲು ಬಾಯಾರಿ ಪೈಪ್ ಕಡಿಯುವುದು ಇನ್ನೊಂದು.

ಇವೆಲ್ಲಕ್ಕಿಂತ ದೊಡ್ಡ ತಪ್ಪು ಅಳತೆ ಮಾಡದೆ ಹಾಕುವುದು. ಇದನ್ನು ನಾನೇ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮದ್ದೂರು ಕಡೆ ಒಬ್ಬ ಯಜಮಾನರು 'ಮೂರಿಂಚು ನೀರೈತೆ' ಅಂದರು. ನಂಬಿದೆ. ಎರಡು ಎಕರೆ ಕಬ್ಬಿಗೆ ಎರಡೇ ವಾಲ್ ಕೊಟ್ಟು, ಅಂದರೆ ಎರಡೇ ಭಾಗವಾಗಿ ನೀರು ಬಿಡುವ ಹಾಗೆ, ಡಿಸೈನ್ ಮಾಡಿದೆ. ಮೋಟಾರ್ ಹಾಕಿದಾಗ ಮುಂದಿನ ಸಾಲುಗಳಲ್ಲಿ ಹನಿ ಬಂತು, ಹಿಂದಿನ ಅರ್ಧಕ್ಕೆ ಬರಲೇ ಇಲ್ಲ. ನಾನು ಡ್ರಿಪ್ಪರ್ ಕಟ್ಟಿದೆ ಅಂದುಕೊಂಡು ಸಾಲು ಸಾಲು ತಟ್ಟುತ್ತಾ ಓಡಾಡಿದೆ. ಯಜಮಾನರು ಬದುವಿನ ಮೇಲೆ ಕೂತು ಬೀಡಿ ಹಚ್ಚಿ, 'ಸ್ವಾಮಿ, ನಿಮ್ಮ ಪೈಪಿಗೇ ಬಾಯಾರಿಕೆ ಆಗೈತೆ, ಮೊದಲು ಅದಕ್ಕೆ ಕುಡಿಸಿ' ಅಂದರು. ಆವತ್ತಿನಿಂದ ಇಂಚಿನ ಮಾತು ನಂಬುವುದು ಬಿಟ್ಟೆ. ಇಂಚು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಅಳತೆ. ಡ್ರಮ್ಮು ಸುಳ್ಳು ಹೇಳುವುದಿಲ್ಲ.

ಲೆಕ್ಕ ಹೀಗೆ ಮಾಡಿ. 200 ಲೀಟರಿನ ಡ್ರಮ್ ಬೋರ್ ಪೈಪಿನ ಕೆಳಗಿಡಿ. ಮೋಟಾರ್ ಹಾಕಿದ ತಕ್ಷಣ ಅಳೆಯಬೇಡಿ, ಅರ್ಧ ಗಂಟೆಯಾದರೂ ಓಡಲಿ. ಡ್ರಮ್ ತುಂಬಲು ನಾಲ್ಕು ನಿಮಿಷ ಹಿಡಿಯಿತು ಅನ್ನೋಣ. ಅಂದರೆ ನಿಮಿಷಕ್ಕೆ 50 ಲೀಟರ್, ಗಂಟೆಗೆ 3,000 ಲೀಟರ್. ಈಗ ಜಮೀನು ನೋಡಿ. ಎಕರೆ ಅಂದರೆ 43,560 ಚದರಡಿ. ಐದಡಿ ಸಾಲಿನ ಕಬ್ಬಾದರೆ ಎಕರೆಗೆ 8,712 ಅಡಿ ಲ್ಯಾಟರಲ್, ಸುಮಾರು 2,650 ಮೀಟರ್. 40 ಸೆಂಟಿಮೀಟರಿಗೆ ಒಂದರಂತೆ 6,600ಕ್ಕೂ ಮೀರಿ ಡ್ರಿಪ್ಪರ್. ಒಂದೊಂದು ಗಂಟೆಗೆ 2 ಲೀಟರ್ ಕೊಡುವಂಥದ್ದಾದರೆ ಒಂದು ಎಕರೆ ಪೂರ್ತಿ ಒಟ್ಟಿಗೆ ನಡೆಯಲು ಗಂಟೆಗೆ 13,000 ಲೀಟರಿನ ಮೇಲೆ ನೀರು ಬೇಕು. ನಿಮ್ಮ ಹತ್ತಿರ ಇರುವುದು 3,000. ಹಾಗಾಗಿ ಆ ಎಕರೆಯನ್ನು ಐದು ಭಾಗ ಮಾಡಿ, ಐದು ವಾಲ್ ಕೊಟ್ಟು, ಒಂದಾದ ಮೇಲೆ ಒಂದು ಬಿಡಬೇಕು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಅಂದುಕೊಂಡರೆ ಒಟ್ಟು 21,000 ಲೀಟರ್. ಅದನ್ನು ಒಂದು ಎಕರೆಗೆ ಹರಡಿದರೆ 5 ಮಿಲಿಮೀಟರ್ ಮಳೆ ಬಿದ್ದ ಹಾಗೆ. ಬೇಸಿಗೆಯಲ್ಲಿ ಬೆಳೆದು ನಿಂತ ಕಬ್ಬು ದಿನಕ್ಕೆ ಹೆಚ್ಚು ಕಡಿಮೆ ಅಷ್ಟು, ಕೆಲವೊಮ್ಮೆ ಇನ್ನೂ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಅಂದರೆ ಈ ಬೋರು ಬೇಸಿಗೆಯಲ್ಲಿ ಒಂದು ಎಕರೆ ಕಬ್ಬನ್ನು ಸಾಕುವುದೇ ಕಷ್ಟ. ಎರಡನೇ ಎಕರೆಗೆ ರಾಗಿ ಹಾಕಿ ಅಂತ ಹೇಳುವ ಧೈರ್ಯ ಬೇಕು. ಪೈಪ್ ಮಾರುವವರು ಹೇಳುವುದಿಲ್ಲ. ಹೇಳುವ ಟೆಕ್ನಿಷಿಯನ್ನನ್ನು ರೈತ ಮರೆಯುವುದಿಲ್ಲ, ಆ ಕ್ಷಣಕ್ಕೆ ಬೈದರೂ ಸರಿ.

ಡ್ರಿಪ್ಪರ್ ಸರಿ ಕೊಡುತ್ತಿದೆಯಾ ಅಂತ ನೋಡಲು ನಾನು ಮಗುವಿನ ಹಾಲಿನ ಬಾಟಲಿ ಇಟ್ಟುಕೊಂಡಿದ್ದೇನೆ. ಎಂಎಲ್ ಗೆರೆ ಇರುತ್ತದಲ್ಲ, ಅದಕ್ಕೆ. 2 ಲೀಟರಿನ ಡ್ರಿಪ್ಪರ್ ಮೂರು ನಿಮಿಷಕ್ಕೆ 100 ಎಂಎಲ್ ಕೊಡಬೇಕು, 4 ಲೀಟರಿನದು 200. ಮೊದಲ ಸಾಲು, ನಡುವಿನ ಸಾಲು, ಕೊನೆಯ ಸಾಲು, ಒಂದೊಂದರ ತಲೆಯಲ್ಲಿ ಮತ್ತು ತುದಿಯಲ್ಲಿ ಹಿಡಿಯಿರಿ. ತುದಿಗಳಲ್ಲೆಲ್ಲ ಒಂದೇ ಸಮ ಕಡಿಮೆ ಬಂದರೆ ಒತ್ತಡದ ಸಮಸ್ಯೆ. ಅಲ್ಲೊಂದು ಇಲ್ಲೊಂದು ಕಡಿಮೆ ಬಂದರೆ ಕಟ್ಟಿಕೊಂಡಿದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೆಯ ಪೈಪ್ ಕಿತ್ತು ಹೊಸದು ಹಾಕಿಸಿದವರನ್ನು ನೋಡಿದ್ದೇನೆ. ಲ್ಯಾಟರಲ್ಲಿನಲ್ಲಿ ಸಾಮಾನ್ಯವಾಗಿ 1 ಕೆ.ಜಿ. ಒತ್ತಡ ಇರಬೇಕು. ಅದು 10 ಮೀಟರ್ ಎತ್ತರದ ನೀರಿನ ಭಾರಕ್ಕೆ ಸಮ. ನಾಗಮಂಗಲದ ಏರು ಜಮೀನಿನಲ್ಲಿ 5 ಮೀಟರ್ ಮೇಲಕ್ಕೆ ಹೋದರೆ ಅರ್ಧ ಕೆ.ಜಿ. ಅಲ್ಲೇ ಹೋಯಿತು. ಅಂಥ ಕಡೆ ಒತ್ತಡ ಸರಿದೂಗಿಸುವ ಪಿಸಿ ಡ್ರಿಪ್ಪರ್ ಬೇಕಾಗುತ್ತದೆ, ಇಲ್ಲವೇ ಲ್ಯಾಟರಲ್ಲನ್ನು ಇಳಿಜಾರಿಗೆ ಅಡ್ಡವಾಗಿ ಎಳೆಯಬೇಕು.

ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಇವೆಲ್ಲ ಕೇಳುತ್ತಾರೆ. ನಿಮಗೆ ಕೈಕೆಲಸ ಬರುತ್ತದೆ, ಲೆಕ್ಕ ಬರುತ್ತದಾ ಅಂತ ನೀವು ಬರೆದಿಲ್ಲ. ಬರದಿದ್ದರೆ ನಿಮ್ಮ ಕೋರ್ಸು ಅದೇ. ನಿಮ್ಮ ಎರಡು ಎಕರೆಯಲ್ಲೇ ಶುರು ಮಾಡಿ.

ಎರಡು ಅಪಾಯ ಮಾತ್ರ ಒತ್ತಿ ಹೇಳಬೇಕು. ಸುಣ್ಣ ಕಟ್ಟಿದ ಲೈನಿಗೆ ಹೈಡ್ರೋಕ್ಲೋರಿಕ್ ಆಸಿಡ್ ಬಿಡುವುದನ್ನು ಬಲ್ಲವರ ಜೊತೆ ನಿಂತು ಕಲಿಯಿರಿ. ಯಾವಾಗಲೂ ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರು ಹಾಕಬಾರದು. ಪಾಚಿಗೆ ಬಳಸುವ ಬ್ಲೀಚಿಂಗ್ ಮತ್ತು ಆಸಿಡ್ ಒಟ್ಟಿಗೆ ಸೇರಿದರೆ ಬರುವುದು ವಿಷದ ಗಾಳಿ. ಇನ್ನೊಂದು ಸ್ಟಾರ್ಟರ್ ಡಬ್ಬ. 'ಅಣ್ಣಾ, ಹೇಗೂ ಬಂದಿದ್ದೀಯ, ಇದೊಂಚೂರು ನೋಡು' ಅಂತ ರೈತರು ಕರೆಯುತ್ತಾರೆ. ಒದ್ದೆ ಕಾಲಲ್ಲಿ ಕೈ ಇಡಬೇಡಿ. ವಿದ್ಯುತ್ ಕೆಲಸಕ್ಕೆ ವೈರ್‌ಮನ್ ಪರ್ಮಿಟ್ ಬೇರೆ ಇದೆ. ಆ ಕಡೆ ಒಲವಿದ್ದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಮೋಟಾರ್ ರಿವೈಂಡಿಂಗ್ ತರಬೇತಿ ಊಟ ವಸತಿ ಸಮೇತ ಉಚಿತವಾಗಿ ಕೊಡುತ್ತಾರೆ. ಡ್ರಿಪ್ಪೂ ಬಲ್ಲ, ಮೋಟಾರೂ ಬಲ್ಲ ಹುಡುಗ ಒಂದು ಹೋಬಳಿಗೆ ಒಬ್ಬ ಸಿಗುವುದೂ ಕಷ್ಟ.

ಮುಂದೆ ಏನು ಮಾಡಬಹುದು? ಈಗಿರುವ ಡೀಲರ್ ಹತ್ತಿರವೇ ಇದ್ದು, ಆರ್‌ಪಿಎಲ್ ಮುಗಿಸಿ, ಸಂಬಳ ಎಷ್ಟು ಜಾಸ್ತಿ ಅಂತ ಮೊದಲೇ ಬಾಯಿ ಬಿಡಿಸಿಕೊಳ್ಳುವುದು ಸುರಕ್ಷಿತ ದಾರಿ. ಆದರೆ ನಾಟಿ ಕಾಲದಲ್ಲಿ ಉಸಿರಾಡಲು ಬಿಡುವಿಲ್ಲ, ಮಳೆಗಾಲದಲ್ಲಿ ಕೆಲಸವಿಲ್ಲ. ದಿನಗೂಲಿ ಲೆಕ್ಕವಾದರೆ ಆ ತಿಂಗಳುಗಳು ಕಷ್ಟ. ಸ್ವಂತ ಅಂಗಡಿ ಇಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ ಅನ್ನುವುದಿಲ್ಲ, ಆದರೆ ಸಹಾಯಧನದ ಬಿಲ್ಲು ತಡವಾದರೆ ಸಾಮಾನಿಗೆ ಹಾಕಿದ ಬಂಡವಾಳ ಅಲ್ಲಿಯವರೆಗೆ ಕೂತಿರುತ್ತದೆ. ಕೈಯಲ್ಲಿ ದುಡ್ಡಿಲ್ಲದೆ ಅದಕ್ಕೆ ಇಳಿಯಬೇಡಿ.

ನಾನಾದರೆ ನಡುವಿನ ದಾರಿ ಹಿಡಿಯುತ್ತೇನೆ. ಸುತ್ತಲಿನ ಐದಾರು ಹಳ್ಳಿಯಲ್ಲಿ ಈಗಾಗಲೇ ಡ್ರಿಪ್ ಇರುವ ಇಪ್ಪತ್ತು ಮೂವತ್ತು ಮನೆ ಹಿಡಿದು, ವರ್ಷಕ್ಕೆ ಇಷ್ಟು ಅಂತ ಮಾತಾಡಿಕೊಂಡು ನೋಡಿಕೊಳ್ಳುವುದು. ಫಿಲ್ಟರ್ ತೊಳೆಯುವುದು, ಸಬ್ ಮೇನ್ ಫ್ಲಷ್ ಮಾಡುವುದು, ಎಂಡ್ ಕ್ಯಾಪ್ ಬಿಚ್ಚಿ ಲೈನ್ ತೊಳೆಯುವುದು, ಕಬ್ಬು ಕಡಿಯುವ ಮುಂಚೆ ಲ್ಯಾಟರಲ್ ಸುತ್ತಿ ಕೂಳೆಗೆ ಮತ್ತೆ ಎಳೆದುಕೊಡುವುದು. ಬೇಕಾಗುವ ಸಾಮಾನು ಎರಡು ಗೇಜು, ಒಂದು ಪಂಚು, ಜಾಯಿನರು, ಗ್ರೊಮೆಟ್, ಒಂದು ಬೈಕು. ಇದರ ಕಷ್ಟ ಒಂದೇ, ವಸೂಲಿ. ಸಕ್ಕರೆ ಕಾರ್ಖಾನೆ ದುಡ್ಡು ಕೊಟ್ಟಾಗ ಕೊಡ್ತೀನಿ ಅನ್ನುತ್ತಾರೆ. ಹಾಗಾಗಿ ಕಬ್ಬಿನವರನ್ನೇ ನೆಚ್ಚಬೇಡಿ, ಹಿಪ್ಪುನೇರಳೆ ಇರುವ ಮನೆಗಳನ್ನೂ ಸೇರಿಸಿಕೊಳ್ಳಿ. ಗೂಡು ಮಾರಿದಾಗಲೆಲ್ಲ ಅವರ ಕೈಯಲ್ಲಿ ಕಾಸು ಓಡಾಡುತ್ತದೆ.

ಸರ್ಟಿಫಿಕೇಟ್ ಬಂದ ಮೇಲೆ ಒಂದು ವಿಷಯದಲ್ಲಿ ಹುಷಾರಾಗಿರಿ. ನಿಮ್ಮ ಸಹಿಗೆ ಬೆಲೆ ಬರುತ್ತದೆ. ಹಾಕದ ಡ್ರಿಪ್ಪಿಗೆ ಹಾಕಿದ ಫೋಟೊ, ಪಕ್ಕದವನ ಹಳೇ ಪೈಪು ತೋರಿಸಿ ಹೊಸ ಬಿಲ್ಲು, ಇಂಥದ್ದಕ್ಕೆ 'ಒಂದು ಸಹಿ ಹಾಕು' ಅಂತ ಕೇಳುವವರು ಸಿಗುತ್ತಾರೆ. ನನ್ನನ್ನೂ ಕೇಳಿದ್ದಾರೆ. ಹಾಕಬೇಡಿ. ತನಿಖೆ ಬಂದಾಗ ಮೇಲಿನವರು ನಿಮ್ಮ ಹೆಸರನ್ನೇ ಮೊದಲು ಹೇಳುತ್ತಾರೆ.

ಕೊನೆಗೆ, ಆ ಮೈಸೂರಿನ ಸಂಸ್ಥೆಗೆ ಅಡ್ವಾನ್ಸ್ ಕೊಟ್ಟಿದ್ದೀರಾ ಇಲ್ಲವಾ ಅಂತ ನೀವು ಬರೆದಿಲ್ಲ. ಕೊಡದಿದ್ದರೆ ಬಿಟ್ಟುಬಿಡಿ. ಕೊಟ್ಟಿದ್ದರೆ ರಸೀದಿ ಹುಡುಕಿ ಇಟ್ಟುಕೊಳ್ಳಿ. ಅಲ್ಲಿಗೆ ಹೋಗಿ ಮೂರು ಪ್ರಶ್ನೆ ಕೇಳಿ: ಅರ್ಹತೆಯ ಸಂಕೇತ ಯಾವುದು, ಪರೀಕ್ಷೆ ಮಾಡುವವರು ಯಾರು, ಸರ್ಟಿಫಿಕೇಟಿನ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಹೆಸರು ಬರುತ್ತದಾ. ಹಿಂದಿನ ಬ್ಯಾಚಿನ ಒಬ್ಬರ ಸರ್ಟಿಫಿಕೇಟ್ ತೋರಿಸಿ, ಇಲ್ಲೇ ನನ್ನ ಮೊಬೈಲಲ್ಲಿ ನೋಡುತ್ತೇನೆ ಅನ್ನಿ. ತೋರಿಸಲು ಹಿಂದೆ ಮುಂದೆ ನೋಡಿದರೆ ದುಡ್ಡು ವಾಪಸ್ ಕೇಳಿ. ಕೊಡದಿದ್ದರೆ ರಸೀದಿ ಸಮೇತ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ರಸೀದಿಯೇ ಕೊಟ್ಟಿಲ್ಲ, ಫೋನ್‌ಪೇ ಮಾಡಿದ್ದೆ ಅನ್ನುವುದಾದರೆ ಅದರ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ.